ಎರಡು ಕಾಗದಕ್ಕೆ ಒಂದೇ ಸಹಿ

ಅವನ ಸುದ್ದಿ ಮೇಷ್ಟ್ರಮ್ಮನ ಕಿವಿಗೆ ಮೊದಲು ಬಿದ್ದದ್ದು ಒಂದು ಬೆಳಿಗ್ಗೆ, ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ. ಪಕ್ಕದ ಮನೆಯ ಟೈಲರಮ್ಮ ಗೋಡೆಯ ಮೇಲಿಂದ ಕತ್ತು ಚಾಚಿದಳು.

"ನಲ್ಲಿ ರಿಪೇರಿಯವನೊಬ್ಬ ಬಂದಿದ್ದ ಅಮ್ಮ. ವಾಷರ್ ಹಾಕಿ ಹೋದ. ಎರಡು ದಿನ ಬಿಟ್ಟು ತಾನಾಗೇ ಬಂದು 'ಸೋರ್ತಿಲ್ಲ ತಾನೆ?' ಅಂತ ಕೇಳ್ದ. ನನ್ನ ಗಂಡ ನನ್ನನ್ನೇ ಹಾಗೆ ವಿಚಾರಿಸಿದ್ದಿಲ್ಲ!"

ಅಂದಿನಿಂದ ಬೀದಿಗೆಲ್ಲ ಅವನು ವಾಷರಣ್ಣ. ನೀರಿನ ಇಲಾಖೆಯಲ್ಲಿ ಇಪ್ಪತ್ತು ವರ್ಷ ದಿನಗೂಲಿ ಮಾಡಿ, ಕೆಲಸ ಖಾಯಂ ಆಗದೆ ಹೊರಬಂದವನು. ಯಾರ ಮನೆಯ ಪೈಪು ಯಾವ ಕಲ್ಲಿನ ಕೆಳಗೆ ತಿರುಗುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಕೆಳಗಿನ ಓಣಿಗೆ ಕೆಸರು ನೀರು ಬರತೊಡಗಿದಾಗ ಅದನ್ನೇ ಬಾಟಲಿಗೆ ತುಂಬಿಕೊಂಡು ಪುರಸಭೆಗೆ ಹೋದ. ವಾರ್ಡಿನ ಮೆಂಬರು "ನೋಡೋಣ" ಎಂದರು. ಮೂರು ಸಭೆ ಮುಗಿಯುವವರೆಗೂ ಹೊರಗಿನ ಬೆಂಚು ಕಾದು ಬಂದವನು, ಚುನಾವಣೆ ಬಂದಾಗ ತಾನೇ ನಿಂತುಬಿಟ್ಟ.

ಕರಪತ್ರವಿಲ್ಲ, ಮೈಕಿಲ್ಲ. ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಿ, ನೀರು ಎಷ್ಟೊತ್ತಿಗೆ ಬರುತ್ತದೆ, ಎಷ್ಟು ಕೊಡ ತುಂಬುತ್ತದೆ ಎಂದು ಬರೆದುಕೊಳ್ಳುತ್ತಿದ್ದ. ವೋಟು ಕೇಳುವುದೇ ಮರೆತುಹೋಗುತ್ತಿತ್ತು.

"ನೀನು ಒಳಗೆ ಹೋಗಿ ಕೂತ್ರೆ ನಮ್ಮನೆ ನಲ್ಲಿ ಯಾರು ನೋಡೋದು?" ಎಂದು ಟೈಲರಮ್ಮ ಛೇಡಿಸಿದಳು.

"ಮೆಂಬರಾದ್ರೆ ಕೈ ಬಿದ್ದುಹೋಗುತ್ತಾ ಅಕ್ಕ?"

ನಾಮಪತ್ರಕ್ಕೆ ವಾರ್ಡಿನ ಮತದಾರರೊಬ್ಬರ ಸಹಿ ಬೇಕಿತ್ತು. ಅವನು ನೇರ ಮೇಷ್ಟ್ರಮ್ಮನ ಮನೆಗೆ ಬಂದ. "ಮೇಷ್ಟ್ರ ಮನೆಯ ಸಹಿ ಇದ್ರೆ ನನ್ನ ಕಾಗದಕ್ಕೊಂದು ತೂಕ. ಬೇರೆ ಯಾರಿಗೂ ಹಾಕಿಲ್ಲ ತಾನೆ ಅಮ್ಮ? ಒಬ್ಬರು ಒಬ್ಬರಿಗೇ ಹಾಕಬೇಕಂತೆ. ಎರಡಾದ್ರೆ ಆಮೇಲೆ ಕೊಟ್ಟದ್ದು ಬಿದ್ದುಹೋಗುತ್ತೆ."

ಮೇಷ್ಟ್ರಮ್ಮನಿಗೆ ಮೊನ್ನೆಯ ಕಾಗದ ನೆನಪಾಯಿತು. ಎರಡು ದಿನದ ಹಿಂದೆ ಮೆಂಬರ ಸೊಸೆ ಬಂದು "ಇಲ್ಲೊಂದು ಸೈನ್ ಹಾಕಿ" ಎಂದಿದ್ದಳು. ಬೀದಿ ದೀಪದ ಅರ್ಜಿಯಿರಬೇಕೆಂದು ಹಾಕಿಕೊಟ್ಟಿದ್ದರು. ಅದರಲ್ಲಿ ಏನಿತ್ತೋ ದೇವರಿಗೇ ಗೊತ್ತು. ಅವರಿಗೆ ಬರುತ್ತಿದ್ದದ್ದು ತಮ್ಮ ಸಹಿಯೊಂದೇ. ಮೇಷ್ಟ್ರು ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿ ತೀರಿಕೊಂಡರು, ಹೆಂಡತಿಗೆ ಕಲಿಸಲು ಅವರಿಗೂ ಪುರುಸೊತ್ತಿರಲಿಲ್ಲ, ಇವರಿಗೂ ಇರಲಿಲ್ಲ. ದಿನಾ ಕನ್ನಡಕ ಏರಿಸಿ ಪೇಪರು ಹಿಡಿದು ಜಗಲಿಯಲ್ಲಿ ಕೂರುತ್ತಿದ್ದ ಅವರಿಗೆ ಓದು ಬಾರದೆಂದು ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ಯಾವುದೋ ಕಾಗದಕ್ಕೆ ಹಾಕಿದೀನಪ್ಪ, ಏನಂತ ಗೊತ್ತಿಲ್ಲ" ಎನ್ನುವ ಮಾತು ನಾಲಿಗೆಯ ತುದಿವರೆಗೆ ಬಂತು.

"ಇಲ್ಲಪ್ಪ" ಎಂದರು. ಗುಂಡಗೆ ಸಹಿ ಹಾಕಿದರು.

ಪರಿಶೀಲನೆಯ ದಿನ ಸಹಿ ಹಾಕಿದವರೂ ಬರಬೇಕೆಂದು ಅವನೇ ರಿಕ್ಷಾದಲ್ಲಿ ಕರೆದೊಯ್ದ. ಅಧಿಕಾರಿ ಎರಡು ಕಾಗದ ಪಕ್ಕಪಕ್ಕ ಇಟ್ಟರು. "ಎರಡೂ ನಿಮ್ಮ ಸಹಿಯೇನಮ್ಮ?"

"ಹೌದು" ಎಂದರು ಮೇಷ್ಟ್ರಮ್ಮ.

ಮೆಂಬರ ಕಾಗದ ಮೊದಲು ಬಂದಿತ್ತು, ನಿಂತಿತು. ಇವನದು ತಿರಸ್ಕಾರವಾಯಿತು. ಬೇರೆ ಯಾರೂ ಕಣದಲ್ಲಿರಲಿಲ್ಲ. ಮೆಂಬರು ಅವಿರೋಧ ಆಯ್ಕೆ. ಇಡೀ ವಾರ್ಡಿಗೆ ಆ ಸಲ ವೋಟೇ ಇಲ್ಲವಾಯಿತು.

ಮೆಟ್ಟಿಲಿಳಿಯುವಾಗಲೂ ಅವನು ಮೇಷ್ಟ್ರಮ್ಮನ ಮೊಣಕೈ ಹಿಡಿದೇ ಇದ್ದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅವರ ಕಾಗದ ಓದದೆ ಹಾಕಿಬಿಟ್ರಾ ಅಮ್ಮ?" ಎಂದ ಮೆಲ್ಲಗೆ. ಹೌದು ಎನ್ನಲು ದಾರಿ ಮಾಡಿಕೊಟ್ಟ ಹಾಗಿತ್ತು.

ಮೆಟ್ಟಿಲ ಕೆಳಗೆ ಟೈಲರಮ್ಮ, ಕೆಳಗಿನ ಓಣಿಯ ಹೆಂಗಸರು ಎಲ್ಲ ಮುಖ ಎತ್ತಿ ನೋಡುತ್ತಿದ್ದರು.

"ಮೇಷ್ಟ್ರ ಹೆಂಡತಿ ಓದದೆ ಹಾಕ್ತಾಳೇನಪ್ಪ?" ಎಂದುಬಿಟ್ಟರು ಮೇಷ್ಟ್ರಮ್ಮ.

ಅವನ ಕೈ ಸಡಿಲಾಯಿತು. ಆಮೇಲೆ ಅವನು ಅವರನ್ನು ಕೇಳಿದ್ದು ಒಂದೇ ಮಾತು, ಅದೇ ಕೊನೆ.

"ಹಾಗಾದ್ರೆ ನನ್ನ ಕಾಗದಕ್ಕೆ ಯಾಕಮ್ಮ ಹಾಕಿದ್ರಿ?"