ಬಡಿಸುವ ಮೊದಲೇ ಸಾಕು

ನಾನು ಹುಟ್ಟಿನಿಂದ ಕ್ರೈಸ್ತ. ಆದರೂ ದೇವರಲ್ಲಿ ಆನಂದ, ದೇವರಲ್ಲಿ ತೃಪ್ತಿ ಎನ್ನುವ ಮಾತುಗಳನ್ನು ಬಹುಕಾಲ ನಂಬಿರಲಿಲ್ಲ. ಸಾಕ್ಷಿ ಹೇಳುವ ಕೂಟಗಳಲ್ಲಿ ಒಬ್ಬೊಬ್ಬರೇ ಎದ್ದು, ಕರ್ತನು ನನ್ನ ಹೃದಯ ತುಂಬಿಸಿದನು ಎಂದು ಕಣ್ಣೊರೆಸಿಕೊಳ್ಳುವಾಗ, ನಾನು ಹಿಂದಿನ ಸಾಲಿನಲ್ಲಿ ಕುಳಿತು ಊಟದ ಹೊತ್ತಾಯಿತೇ ಎಂದು ಗಡಿಯಾರ ನೋಡುತ್ತಿದ್ದೆ. ಬೇರೇನೂ ಸಿಗದ ಬಡವರು ತಮ್ಮನ್ನು ತಾವು ಸಮಾಧಾನಪಡಿಸಿಕೊಳ್ಳುವ ರೀತಿ ಇದು ಎಂಬುದು ನನ್ನ ಗುಟ್ಟಿನ ಅಭಿಪ್ರಾಯವಾಗಿತ್ತು. ಇಲ್ಲಿ ಬರೆಯುತ್ತಿರುವುದನ್ನು ನಾನು ಯಾವ ಸಾಕ್ಷಿ ಕೂಟದಲ್ಲೂ ಹೇಳಿಲ್ಲ. ಇದನ್ನು ಹೇಳಬೇಕಾದರೆ ಇದರ ಹಿಂದಿನ ನನ್ನ ನಡತೆಯನ್ನೂ ಹೇಳಬೇಕು. ಅದಕ್ಕೆ ಧೈರ್ಯ ಸಾಲಲಿಲ್ಲ.

ನಮ್ಮದು ಬೀದರ ಜಿಲ್ಲೆ. ನನಗೆ ಎರಡು ವರ್ಷವಾಗುವ ಮೊದಲೇ ಹೆತ್ತ ತಾಯಿ ಹೋದಳಂತೆ. ನನ್ನನ್ನು ಸಾಕಿದವಳು ಪಕ್ಕದ ಮನೆಯ ಸುವಾರ್ತಮ್ಮ ಎಂಬ ವಿಧವೆ. ಅವಳನ್ನೇ ನಾನು ಅವ್ವ ಎನ್ನುತ್ತಿದ್ದೆ. ನಾನು ಬೋರ್ಡಿಂಗ್ ಶಾಲೆ ಸೇರಿದ ಮೇಲೆ ಅವಳು ಔರಂಗಾಬಾದಿನ ಒಂದು ಮಿಶನ್ ದವಾಖಾನೆಯಲ್ಲಿ ಆಯಾ ಆಗಿ ನಿಂತಳು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎಂಬ ಹೆಸರು. ಹೆಂಗಸರ ವಾರ್ಡಿನ ಬೆಡ್‌ಪ್ಯಾನ್ ತೊಳೆದು ಅವಳು ನನ್ನನ್ನು ಓದಿಸಿದಳು.

ಅವಳ ಊಟದ ಪ್ರಾರ್ಥನೆಯ ವಿಷಯ ಹೇಳಲೇಬೇಕು, ಯಾಕೆಂದರೆ ಎಲ್ಲವೂ ನಿಂತಿರುವುದು ಅದರ ಮೇಲೆ. ಉಣ್ಣುವ ಮೊದಲು ಅವಳು ತಾಟಿನ ಮೇಲೆ ಬಲಗೈ ಚಾಚಿ, ಕಣ್ಣು ಮುಚ್ಚಿ, ಗಟ್ಟಿಯಾಗಿ "ಸಾಕು ತಂದೆ" ಎನ್ನುತ್ತಿದ್ದಳು. ಅಷ್ಟೇ ಪ್ರಾರ್ಥನೆ. ಇನ್ನು ಬೇಡ, ತುಂಬಿತು ಎಂದು ಹೇಳುತ್ತಿದ್ದಳೋ, ಇಲ್ಲ ನನ್ನನ್ನು ಸಾಕಪ್ಪಾ ಎಂದು ಬೇಡುತ್ತಿದ್ದಳೋ ನನಗೆ ತಿಳಿಯುತ್ತಿರಲಿಲ್ಲ. ಚಿಕ್ಕವನಿದ್ದಾಗ ಒಮ್ಮೆ ಕೇಳಿದೆ.

"ಎರಡೂ ಅದ ಅಂತ ತಿಳ್ಕೋ," ಎಂದಳು. "ಉಣ್ಣು ಮೊದ್ಲ, ಆರ್ತದ."

ಅರವತ್ತರ ದಶಕದ ಕೊನೆಯಲ್ಲಿ ನನಗೆ ನಾಸಿಕದ ಒಂದು ಸರಕಾರಿ ಕಚೇರಿಯಲ್ಲಿ ನಕ್ಷೆಗಳನ್ನು ತೆಳುಬಟ್ಟೆಯ ಮೇಲೆ ಇಳಿಸುವ ಟ್ರೇಸರ್ ಕೆಲಸ ಸಿಕ್ಕಿತು. ಮೇನ್ ರೋಡಿನ ಹಿಂದಿನ ಗಲ್ಲಿಯಲ್ಲಿ ಉಡುಪಿ ಕಡೆಯ ರಾಯರೊಬ್ಬರ ಹೋಟೆಲು ಇತ್ತು. ಗೋದಾವರಿ ಸ್ನಾನಕ್ಕೆ ಬರುವ ಯಾತ್ರಿಕರೆಲ್ಲ ಊಟಕ್ಕೆ ಅಲ್ಲಿಗೇ. ಕನ್ನಡದವನೆಂದು ರಾಯರು ನನಗೆ ಮಹಡಿಯ ಮೇಲೆ ಒಂದು ಕೋಣೆ ಕೊಟ್ಟರು, ಎರಡು ಹೊತ್ತು ಊಟವನ್ನೂ ಗೊತ್ತುಮಾಡಿದರು. ನನ್ನ ಹೆಸರಿನ ಕೊನೆಗೆ ಅಪ್ಪ ಎಂದಿದೆ. ಬೀದರಿನವನು ಬೇರೆ. ಅವರು ನನ್ನನ್ನು ಲಿಂಗಾಯತರವನು ಎಂದುಕೊಂಡರು. ನಾನು ಅಲ್ಲ ಎನ್ನಲಿಲ್ಲ. ಹೇಳಿದರೆ ಕೋಣೆ ಹೋಗುತ್ತದೆ, ಪಂಕ್ತಿಯೂ ಹೋಗುತ್ತದೆ ಎಂಬ ಭಯ. ಭಾನುವಾರ ಚರ್ಚಿಗೆ ಹೊರಟಾಗ ಬೈಬಲನ್ನು ಮರಾಠಿ ಪತ್ರಿಕೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಾರಾದರೂ ಊರಿನ ಸುದ್ದಿ ತೆಗೆದರೆ ನನ್ನ ಕೈ ಹೆಗಲಿಗೇ ಹೋಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಹೇಳದೆ ಕೇಳದೆ ಅವ್ವ ಬಂದಳು. ಮುಂಜಾನೆಯ ಎಸ್‌ಟಿ ಬಸ್ಸು ಹಿಡಿದು, ಯೇವಲಾದಲ್ಲಿ ಬಸ್ಸು ಕೆಟ್ಟು ಎರಡು ತಾಸು ಕಾದು, ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಹೋಟೆಲಿನ ಬಾಗಿಲಲ್ಲಿ ನಿಂತಿದ್ದಳು. ದವಾಖಾನೆಯ ನೀಲಿ ಅಂಚಿನ ಬಿಳಿ ಸೀರೆ, ಕೈಯಲ್ಲಿ ರೊಟ್ಟಿಯ ಗಂಟು. ನನಗೆ ಸಂತೋಷವಾಗಲಿಲ್ಲ. ಮೊದಲು ಸುತ್ತ ಯಾರಿದ್ದಾರೆ ಎಂದು ನೋಡಿದೆ. ಕೈಹಿಡಿದು ಒಳಗೆ ಕರೆಯುವ ಬದಲು, ಮೂಲೆಯ ಮೇಜು ತೋರಿಸಿ ಮುಂದೆ ನಡೆದೆ.

ತಾಟು ಬಂತು. ಬಡಿಸುವ ವಾಸು ಎಂಬ ನಡುವಯಸ್ಸಿನವನು ಹಪ್ಪಳ ಇಟ್ಟು, ಅನ್ನದ ಪಾತ್ರೆ ಹಿಡಿದು ಬಂದ. ಅದೇ ಹೊತ್ತಿಗೆ ಅವ್ವ ತಾಟಿನ ಮೇಲೆ ಕೈ ಚಾಚಿ ಗಟ್ಟಿಯಾಗಿ "ಸಾಕು ತಂದೆ" ಎಂದಳು. ಹೋಟೆಲಿನಲ್ಲಿ ತಾಟಿಗೆ ಕೈ ಅಡ್ಡ ಹಿಡಿದು ಸಾಕು ಎಂದರೆ ಏನು ಅರ್ಥ? ವಾಸು ತಿರುಗಿ ಹೋದ. ಪಕ್ಕದ ಪಂಕ್ತಿಯಲ್ಲಿ ಯಾರೋ ನಕ್ಕರು. ಗಲ್ಲಾದ ಮೇಲಿಂದ ರಾಯರು ಕೇಳಿದರು, "ಎಂಥದು ಮಾರಾಯರೆ, ಬಡಿಸುವ ಮೊದಲೇ ಸಾಕಂತೆ? ಯಾರಿವರು, ನಿಮ್ಮ ಕಡೆಯವರಾ?"

ನಾನು ಹೇಳಿದ ಮಾತು ಇದು: "ನಮ್ಮ ಮನೆಯ ಹಳೇ ಕೆಲಸದವಳು. ಸ್ವಲ್ಪ ತಲೆ ಸರಿಯಿಲ್ಲ."

ಅವ್ವ ಕಣ್ಣು ಬಿಟ್ಟಳು. ನನ್ನ ಕಡೆ ನೋಡಲಿಲ್ಲ. ರಾಯರ ಕಡೆ ತಿರುಗಿ ನಕ್ಕು, "ಹೌದ್ರಿ ಯಪ್ಪಾ, ಮುದುಕಿ ಆಗೀನಿ, ಏನೇನೋ ಅಂತೀನಿ," ಎಂದಳು. ಆಮೇಲೆ ನನಗೆ, "ನೀವು ಉಣ್ರಿ ಸಾಹೇಬ್ರ," ಎಂದಳು.

ಚಿಕ್ಕಂದಿನಿಂದ ಅವಳ ಬಾಯಲ್ಲಿ ನಾನು ನೀನು. ಸಿಟ್ಟು ಬಂದರೆ ಇನ್ನೂ ಕೆಳಗಿನ ಮಾತು. ಆ ದಿನ ನನ್ನ ಸುಳ್ಳು ಸುಳ್ಳಾಗದಂತೆ ಕಾಯಲು ಅವಳು ನನ್ನನ್ನು ನೀವು ಮಾಡಿದಳು. ವಾಸು ಮರಳಿ ಬಂದು ಬಡಿಸಿದ ಮೇಲೆ, ಊಟದ ನಡುವೆ ಮಾತ್ರ ಹಳೆಯ ರೂಢಿಯಂತೆ ತನ್ನ ಹಪ್ಪಳವನ್ನು ತೆಗೆದು ನನ್ನ ತಾಟಿಗೆ ಹಾಕಿದಳು. ಬಸ್ ಸ್ಟ್ಯಾಂಡಿನವರೆಗೂ ನೀವು, ಬಸ್ಸಿನ ಕಿಟಕಿಯಿಂದ ರೊಟ್ಟಿಯ ಗಂಟು ಕೊಡುವಾಗಲೂ ನೀವು. "ಶೇಂಗಾ ಹಿಂಡಿ ಅದ, ತಿನ್ರಿ," ಎಂದಳು. ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ನಾನು ಬೇಡವ್ವಾ, ಹಾಗೆ ಕರೀಬೇಡ ಎನ್ನಬಹುದಿತ್ತು. ಬಸ್ಸು ಬೇಗ ಹೊರಟರೆ ಸಾಕು ಎಂದು ನಿಂತಿದ್ದೆ.

ಆ ವರ್ಷ ಕ್ರಿಸ್ಮಸ್ಸಿಗೆ ನಾನು ಔರಂಗಾಬಾದಿಗೆ ಹೋಗಲಿಲ್ಲ. ರಜೆ ಸಿಗಲಿಲ್ಲ ಎಂದು ಕಾರ್ಡು ಬರೆದೆ. ರಜೆ ಸಿಕ್ಕಿತ್ತು. ಈಸ್ಟರಿಗೂ ಹೋಗಲಿಲ್ಲ. ಚರ್ಚಿಗೆ ಹೋಗುವುದನ್ನೂ ಬಿಟ್ಟೆ. ಹಾಡು ಶುರುವಾದರೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ದೇವರ ಮುಂದೆ ನಿಲ್ಲುವುದಿರಲಿ, ಹಪ್ಪಳ ಕಂಡರೆ ಮುಖ ತಿರುಗಿಸುವ ಹಾಗಾಗಿತ್ತು.

ಮೇ ತಿಂಗಳಿನ ಒಂದು ಮಧ್ಯಾಹ್ನ. ಅಂದು ಬೆಳಿಗ್ಗೆ ಚಹಾ ಬಿಟ್ಟರೆ ಏನೂ ತಿಂದಿರಲಿಲ್ಲ; ಒಂದು ದೊಡ್ಡ ನಕ್ಷೆ ಮುಗಿಸುವ ಅವಸರವಿತ್ತು. ಒಂದು ಗಂಟೆಯ ಸುಮಾರಿಗೆ ಹೋಟೆಲಿಗೆ ಬಂದು ಕುಳಿತೆ. ಯಾತ್ರಿಕರಿಂದ ಹೋಟೆಲು ತುಂಬಿ ಗದ್ದಲವೋ ಗದ್ದಲ. ಹೊಟ್ಟೆ ತುಂಬ ಹಸಿದಿತ್ತು. ವಾಸು ಬರಿಯ ತಾಟು ಇಟ್ಟು, ನೀರು ಹಾಕಿ ಹೋದ.

ಆಗ ಹಸಿವು ಹೋಯಿತು. ಇಂಗಿತು, ಸತ್ತಿತು ಎಂದಲ್ಲ. ಉಂಡೆದ್ದಾಗ ಹೋಗುತ್ತದಲ್ಲ, ಹಾಗೆ ಹೋಯಿತು. ತುತ್ತು ತುತ್ತಾಗಿ, ನಿಧಾನವಾಗಿ ಹೊಟ್ಟೆ ತುಂಬುತ್ತ ಬಂತು. ಬಾಯಿಗೆ ಯಾವ ರುಚಿಯೂ ಬರಲಿಲ್ಲ, ಕಣ್ಣಿಗೆ ಏನೂ ಕಾಣಲಿಲ್ಲ, ಕಿವಿಯಲ್ಲಿ ಹೋಟೆಲಿನ ಗದ್ದಲವೇ ಇತ್ತು. ಆದರೆ ತುಂಬಿದ್ದು ಹೊಟ್ಟೆ ಮಾತ್ರವಲ್ಲ. ನಲವತ್ತು ಜನರ ನಡುವೆ ಬರಿಯ ತಾಟಿನ ಮುಂದೆ ಕುಳಿತ ನನಗೆ ಏನೂ ಬೇಕಾಗಿರಲಿಲ್ಲ. ಕೋಣೆ ಉಳಿಯಬೇಕು, ಕೆಲಸ ಖಾಯಂ ಆಗಬೇಕು, ಗುಟ್ಟು ಬಯಲಾಗಬಾರದು ಎಂದು ಒಳಗೆ ಸದಾ ಗೊಣಗುವ ಒಂದು ಧ್ವನಿ ಇತ್ತಲ್ಲ, ಅದು ನಿಂತಿತ್ತು. ಮಾಡಿದ ಕೆಲಸದ ನಾಚಿಕೆ ಇತ್ತು. ಆದರೆ ನನ್ನ ನಾಚಿಕೆಯನ್ನು ಪೂರಾ ಬಲ್ಲ ಒಬ್ಬನು ಎದುರಿಗೆ ಕುಳಿತು, ಬಲ್ಲವನಾಗಿಯೂ ಎದ್ದುಹೋಗದೆ ಇದ್ದ ಹಾಗಿತ್ತು. ಇದಕ್ಕೇ ಜನ ಆನಂದ ಎನ್ನುತ್ತಾರೇನೋ. ಬೇರೆ ಹೆಸರು ನನಗೆ ಗೊತ್ತಿಲ್ಲ.

ನನ್ನ ಕೈ ತಾನಾಗಿ ತಾಟಿನ ಮೇಲೆ ಹೋಯಿತು. "ಸಾಕು," ಎಂದೆ. ಗಟ್ಟಿಯಾಗಿಯೇ ಎಂದಿರಬೇಕು. ಅನ್ನ ಹಿಡಿದು ಬರುತ್ತಿದ್ದ ವಾಸು ನಿಂತುಬಿಟ್ಟ.

ರಾಯರು ಗಲ್ಲಾದಿಂದ ನೋಡುತ್ತಿದ್ದರು. "ಇದೆಂಥದು, ಆ ಮುದುಕಿಯ ಹಾಗೆ ನೀವೂ ಶುರು ಮಾಡಿದಿರಾ?" ಎಂದರು.

ಆ ಗಳಿಗೆಯಲ್ಲಿ ಹೇಳಲು ನನಗೆ ಯಾವ ಭಯವೂ ಇರಲಿಲ್ಲ. ಅವಳು ನನ್ನ ಅವ್ವ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ರೂಢಿ ಎಂಬುದು ದೊಡ್ಡದು. "ಏನಿಲ್ಲ ರಾಯರೇ, ಹೊಟ್ಟೆ ಸರಿಯಿಲ್ಲ," ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಆ ಆನಂದ ಹೋಗಿತ್ತು. ಹೊಟ್ಟೆ ಮಾತ್ರ ಮರುದಿನ ಮಧ್ಯಾಹ್ನದವರೆಗೆ ತುಂಬಿದ ಹಾಗೇ ಇತ್ತು.

ಮೂರನೆಯ ದಿನ ದವಾಖಾನೆಯಿಂದ ಕಾಗದ ಬಂತು, ಸುವಾರ್ತಮ್ಮನಿಗೆ ತೀರ ಹೆಚ್ಚಾಗಿದೆ ಎಂದು. ನಾನು ಹೋಗಿ ಮುಟ್ಟುವಾಗ ಮಣ್ಣು ಕೊಟ್ಟು ಎರಡು ದಿನವಾಗಿತ್ತು.

ಅವಳ ಜೊತೆ ಕೆಲಸ ಮಾಡುತ್ತಿದ್ದ ಶೇವಂತಾಬಾಯಿ ಎಂಬ ಆಯಾ ನನ್ನನ್ನು ವಾರ್ಡಿನ ಜಗಲಿಯ ಮೇಲೆ ಕೂರಿಸಿ ಎಲ್ಲ ಹೇಳಿದಳು. ಆಕೆಗೆ ಮರಾಠಿಯ ಹೊರತು ಬೇರೆ ಭಾಷೆ ಬಾರದು. ಅವ್ವನಿಗೆ ನಾಲ್ಕು ದಿನದಿಂದ ನೀರೂ ಇಳಿಯುತ್ತಿರಲಿಲ್ಲವಂತೆ. ಕೊನೆಯ ದಿನ ಮಧ್ಯಾಹ್ನ, ರೋಗಿಗಳ ಊಟದ ಹೊತ್ತಿಗೆ, ತಾನಾಗಿ ಎದ್ದು ಕುಳಿತು, ಮಗ ಹಸಿದಿದ್ದಾನೆ, ಮೆತ್ತಗಿನ ಅನ್ನ ತಾ ಎಂದಳಂತೆ. ತಂದುಕೊಟ್ಟರೆ ಬೆರಳಿನಿಂದ ತುತ್ತು ಮಾಡಿ ಎದುರಿಗೆ ಚಾಚುವಳು, ಸ್ವಲ್ಪ ಹೊತ್ತು ಹಿಡಿದಿರುವಳು, ಆಮೇಲೆ ಅದನ್ನು ತಾಟಿನ ಅಂಚಿಗೆ ಇಡುವಳು. ಮತ್ತೊಂದು ತುತ್ತು. ಪ್ರತಿ ಸಲ ಅದೇ ಒಂದು ಮಾತು ಕೇಳುವಳು. ಏಳೆಂಟು ತುತ್ತಾದ ಮೇಲೆ ಯಾರೋ ಉತ್ತರ ಕೊಟ್ಟ ಹಾಗೆ ತಲೆಯಾಡಿಸಿ ನಕ್ಕು, ಸೆರಗಿಗೆ ಕೈ ಒರೆಸಿಕೊಂಡು ಮಲಗಿದಳಂತೆ. ಸಂಜೆಗೆ ಮುಗಿಯಿತು. ತುತ್ತುಗಳು ಹಾಗೇ ಇದ್ದವು, ನಾನೇ ಕಾಗೆಗೆ ಹಾಕಿದೆ ಎಂದಳು ಶೇವಂತಾಬಾಯಿ. ಯಾವ ದಿನ ಎಂದು ಕೇಳಿದೆ. ಅದೇ ದಿನ.

"ಭಾವೂ," ಎಂದು ಆಕೆ ಆ ಮಾತಿನ ಅರ್ಥ ಕೇಳಿದಳು, "'ಸಾಕೇನೋ' ಮ್ಹಣಜೆ ಕಾಯ್?"

ಕನ್ನಡ ಬಾರದ ಆ ಬಾಯಲ್ಲಿ ಆ ಮಾತು ಒಂದಿಷ್ಟೂ ಕೆಡದೆ ಬಂದಿತ್ತು. ಸಾಕೇನ್ರಿ ಅಲ್ಲ. ಸಾಕೇನೋ. ಅವ್ವ ನನ್ನನ್ನು ಮತ್ತೆ ನೀನು ಮಾಡಿದ್ದಳು. ಪುರೇ ಕಾ ರೇ ಎಂದು ಮರಾಠಿಯಲ್ಲಿ ಅರ್ಥ ಹೇಳಿದೆ.

ಶೇವಂತಾಬಾಯಿ ನನ್ನ ಮುಖ ನೋಡಿ, "ಮಗ?" ಎಂದಳು.

ಮರಾಠಿಯಲ್ಲಿ ಮಗ ಎಂದರೆ ಆಮೇಲೆ, ಹಾಗಾದರೆ ಎಂದಷ್ಟೇ ಅರ್ಥ. ನಾಸಿಕದಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು. ಆ ಹೊತ್ತಿನಲ್ಲಿ ಅದು ನನಗೆ ಕನ್ನಡವಾಗಿಯೇ ಕೇಳಿಸಿತು. "ಹೌದು," ಎಂದೆ. "ಮಗ." ಯಾರೆದುರಿಗೂ ಹೇಳದಿದ್ದುದನ್ನು ಹಾಗೆ ತಪ್ಪು ಕೇಳಿಸಿಕೊಂಡು ಹೇಳಿದೆ. ಆಕೆಗೆ ಏನೂ ತಿಳಿಯಲಿಲ್ಲ. ನಾನು ಅಳುವುದನ್ನು ನೋಡಿ ನೀರು ತರಲು ಎದ್ದಳು.

ನಾಸಿಕಕ್ಕೆ ಮರಳಿ ರಾಯರಿಗೆ ಎಲ್ಲ ಹೇಳಿದೆ, ಅವಳು ನನ್ನ ಅವ್ವ, ನಾವು ಕ್ರಿಶ್ಚಿಯನ್ನರು ಎಂದು. ರಾಯರು ಗಲ್ಲಾದ ಪೆಟ್ಟಿಗೆ ಮುಚ್ಚಿದರು. "ಕ್ರಿಶ್ಚಿಯನ್ ಅಂತ ಗೊತ್ತಿರಲಿಲ್ಲ ಮಾರಾಯರೆ," ಎಂದರು. "ತಾಯಿ ಅಂತ ಅವತ್ತೇ ಗೊತ್ತಾಗಿದೆ. ಕೆಲಸದವಳು ತನ್ನ ಹಪ್ಪಳ ತೆಗೆದು ಯಜಮಾನನ ತಾಟಿಗೆ ಹಾಕುವುದುಂಟಾ?" ಮಹಡಿಯಲ್ಲಿ ದೇವರ ಕೋಣೆ ಇದೆ, ತಿಂಗಳೊಳಗೆ ಬೇರೆ ಕೋಣೆ ನೋಡಿಕೊಳ್ಳಿ, ಊಟಕ್ಕೆ ಮಾತ್ರ ಇಲ್ಲಿಗೇ ಬನ್ನಿ ಎಂದರು. ನಾನು ಯಾರ ಮುಂದೆ ಅವಳನ್ನು ಅಲ್ಲಗಳೆದೆನೋ ಅವರು ಒಂದು ಕ್ಷಣವೂ ಅದನ್ನು ನಂಬಿರಲಿಲ್ಲ. ನನ್ನ ಸುಳ್ಳನ್ನು ಮಾನ್ಯ ಮಾಡಿದವಳು ಅವಳೊಬ್ಬಳೇ.

ಹಸಿದ ಹೊಟ್ಟೆಯ ಭ್ರಮೆ, ಉಳಿದದ್ದು ಕಾಕತಾಳೀಯ ಎಂದು ಒಬ್ಬ ಡಾಕ್ಟರು ಹೇಳಿದರು. ಇರಬಹುದು. ಪರಲೋಕದ ಔತಣ ಎಂದರು ಒಬ್ಬ ಪಾಸ್ಟರು. ಅದೂ ಇರಬಹುದು. ಹಾಗಾದರೆ ಅಷ್ಟು ವರ್ಷ ಸಾಕ್ಷಿ ಹೇಳಿದ ಭಕ್ತರನ್ನೆಲ್ಲ ಬಿಟ್ಟು, ಬೈಬಲನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದ ನನ್ನ ತಾಟಿಗೆ ಯಾಕೆ ಬಡಿಸಬೇಕಿತ್ತು? ನನಗೆ ತಿಳಿಯದು. ಬಡಿಸಿದವನು ತಂದೆಯೋ, ಅವ್ವನೋ, ಅದೂ ತಿಳಿಯದು.

ಈಗ ನಾನು ಎಲ್ಲಿ ಉಂಡರೂ, ಹೋಟೆಲಾದರೂ ಮದುವೆಮನೆಯಾದರೂ, ತಾಟಿನ ಮೇಲೆ ಕೈ ಚಾಚಿ ಗಟ್ಟಿಯಾಗಿ "ಸಾಕು ತಂದೆ" ಎನ್ನುತ್ತೇನೆ. ಬಡಿಸುವವರು ಬೇಡವೆಂದು ತಿಳಿದು ಮುಂದೆ ಹೋಗುತ್ತಾರೆ. ನಾನು ತಕ್ಷಣ ಕರೆಯುವುದಿಲ್ಲ. ಬರಿಯ ತಾಟಿನ ಮುಂದೆ ಸ್ವಲ್ಪ ಹೊತ್ತು ಹಾಗೇ ಕುಳಿತು ಕಾಯುತ್ತೇನೆ. ಅದು ಮತ್ತೆ ಬಂದಿಲ್ಲ. ಆಮೇಲೆ ಅವರನ್ನು ಕರೆದು ಅನ್ನ ಹಾಕಿಸಿಕೊಳ್ಳುತ್ತೇನೆ.