ಪವಿತ್ರಳ ಸುಸ್ತು

ಮೊದಲು ಕಂಡದ್ದು ಕೆನ್ನೆಯ ಮೇಲಿನ ಕೆಂಪು.

ಹೋದ ವರ್ಷದ ಬೇಸಿಗೆ. ಕುರುಬರಹಳ್ಳಿಯ ನಮ್ಮ ಮನೆಯ ಟೆರೇಸಿನಲ್ಲಿ ಸಂಡಿಗೆ ಇಡುವ ಕಾಲ. ಗಂಡ ತೀರಿಕೊಂಡ ಮೇಲೆ ಹಪ್ಪಳ, ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಟ್ಟೇ ಮಗ ಮಂಜುನನ್ನು ಓದಿಸಿದವಳು ನಾನು. ಈಗ ಮಂಡಿ ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ. ಹಾಗಾಗಿ ಸೊಸೆ ಪವಿತ್ರಳನ್ನು ಮೇಲಕ್ಕೆ ಕಳಿಸಿದೆ. ನಾಲ್ಕು ದಿನ ಅವಳೇ ಸಂಡಿಗೆ ಇಟ್ಟು, ಕಾಗೆ ಓಡಿಸುತ್ತಾ ಬಿಸಿಲಲ್ಲಿ ಕೂತಳು. ಐದನೆಯ ದಿನ ಅವಳ ಎರಡೂ ಕೆನ್ನೆ, ಮೂಗಿನ ಮೇಲ್ಭಾಗ, ಯಾರೋ ಬಾರಿಸಿದ ಹಾಗೆ ಕೆಂಪಾಗಿತ್ತು.

"ಯಾವ ಕ್ರೀಮ್ ಹಚ್ಕೊಂಡ್ಯೇ?" ಎಂದೆ.

"ಏನೂ ಹಚ್ಕೊಂಡಿಲ್ಲ ಅತ್ತೆ. ಬಿಸಿಲಿಗಿರಬೇಕು."

ಮುಲಾಮು ಹಚ್ಚಿದಳು. ಕೆಂಪು ಇಳಿಯಲಿಲ್ಲ. ಅದರ ಬೆನ್ನಿಗೇ ಸುಸ್ತು ಬಂತು.

ಬೆಳಗ್ಗೆ ಏಳಲಾಗದು. ಬೆರಳು ಮಡಚಲಾಗದು. ಚಪಾತಿ ಹಿಟ್ಟು ಕಲಸಲು ಕೂತವಳು ಹಾಗೇ ಗೋಡೆಗೊರಗಿ ಕಣ್ಣು ಮುಚ್ಚುವಳು. ಸಂಜೆಯಾದರೆ ಸಣ್ಣ ಜ್ವರ. ತಲೆ ಬಾಚಿದರೆ ಹಿಡಿ ಹಿಡಿ ಕೂದಲು. ಆಗ ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಆ ವಯಸ್ಸಿನಲ್ಲಿ ನಾನು ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ದಿನವಿಡೀ ಹಪ್ಪಳ ಒತ್ತುತ್ತಿದ್ದೆ. ಆ ಹೆಮ್ಮೆಯೇ ನನ್ನ ಕಣ್ಣಿಗೆ ಅಡ್ಡ ಬಂತೋ ಏನೋ. ಒಂದು ದಿನ ಪಕ್ಕದ ಮನೆಯವರ ಮುಂದೆಯೇ ಅಂದುಬಿಟ್ಟೆ.

"ಇವಳಿಗೆ ಬಂದಿರೋದು ರೋಗ ಅಲ್ಲ ಕಣ್ರೀ, ಸೋಮಾರಿತನ."

ಪವಿತ್ರ ಬಾಗಿಲಲ್ಲೇ ನಿಂತಿದ್ದಳು.

ಒಳಗೆ ಹೋಗಿ ಪಾತ್ರೆ ತೊಳೆದಳು.

ಎರಡು ತಿಂಗಳಲ್ಲಿ ಅವಳ ಪಾದ ಊದಿ ಚಪ್ಪಲಿ ಹಿಡಿಸದಾಯಿತು. ಮೂತ್ರ ಸೋಪಿನ ನೊರೆಯಂತೆ ಬರುತ್ತಿದೆ ಎಂದು ಗಂಡನಿಗಷ್ಟೇ ಹೇಳಿದ್ದಳಂತೆ. ಮಂಜು ಫ್ಯಾಕ್ಟರಿಗೆ ರಜೆ ಹಾಕಿ ರಾಜಾಜಿನಗರದ ಆಸ್ಪತ್ರೆಗೆ ಸೇರಿಸಿದ. ರಕ್ತ ತೆಗೆದರು. ಮೂತ್ರ ಪರೀಕ್ಷೆ ಮಾಡಿದರು. ಆಮೇಲೆ ಕಿಡ್ನಿ ಬಯಾಪ್ಸಿ.

ಲೂಪಸ್.

ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಇಂಥ ಕಾಯಿಲೆ ನೋಡುವ ಡಾಕ್ಟರು, ರುಮಟಾಲಜಿಸ್ಟ್, ಪವಿತ್ರಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ನನ್ನನ್ನೂ ಕೂರಿಸಿಕೊಂಡು ಹೇಳಿದರು.

"ನೋಡಿ ಅಮ್ಮ, ವೈರಸ್ ಬಂದಾಗ ನಮ್ಮ ಮೈ ಇಂಟರ್‌ಫೆರಾನ್ ಅನ್ನೋದನ್ನ ಬಿಡತ್ತೆ. ಅಕ್ಕಪಕ್ಕದ ಜೀವಕೋಶಗಳಿಗೆಲ್ಲ ಹುಷಾರು ಅಂತ ಹೇಳೋಕೆ. ವೈರಸ್ ಹೋದ್ಮೇಲೆ ಅದು ನಿಲ್ಲಬೇಕು. ಇವ್ರಿಗೆ ವೈರಸ್ಸೇ ಇಲ್ಲ, ಆದ್ರೂ ನಿಲ್ತಾ ಇಲ್ಲ. ಮೈ ತನ್ನ ಮೇಲೇ ತಾನು ಯುದ್ಧಕ್ಕೆ ನಿಂತಿದೆ. ಈಗ ಕಿಡ್ನಿಗೂ ಏಟು ಬಿದ್ದಿದೆ."

"ಮತ್ತೆ ಆ ಸುಸ್ತು?" ಎಂದೆ.

"ಫ್ಲೂ ಬಂದಾಗ ಮೈಕೈ ನೋವು, ಏಳೋಕಾಗದಷ್ಟು ಸುಸ್ತು ಇರತ್ತಲ್ಲ? ಅದ್ರಲ್ಲಿ ಬಹಳಷ್ಟು ಈ ಇಂಟರ್‌ಫೆರಾನ್ ಮಾಡೋದೇ. ಇವ್ರಿಗೆ ದಿನಾ ಫ್ಲೂ ಬಂದಂಗೆ ಅಂದ್ಕೊಳ್ಳಿ."

ದಿನಾ.

ಅಂಥ ಮೈಯನ್ನು ಎಳೆದುಕೊಂಡು ಅವಳು ಎರಡು ತಿಂಗಳು ನಮಗೆ ಅಡುಗೆ ಮಾಡಿ ಹಾಕಿದ್ದಳು.

"ಬಿಸಿಲಿಂದ ಬಂತಾ ಡಾಕ್ಟ್ರೇ? ನಾನೇ ಟೆರೇಸಿಗೆ ಕಳಿಸಿದ್ದು."

"ಬಿಸಿಲು ಕಾಯಿಲೆ ಹುಟ್ಟಿಸಲ್ಲ ಅಮ್ಮ. ಒಳಗಿದ್ದಿದ್ದನ್ನ ಕೆರಳಿಸತ್ತೆ. ನಿಮಗದು ಗೊತ್ತಿರಲಿಲ್ಲ."

ಗೊತ್ತಿರಲಿಲ್ಲ, ನಿಜ. ಆದರೆ ಸೋಮಾರಿ ಎಂದದ್ದು ಬಿಸಿಲಲ್ಲ, ನಾನು.

ಮೂರು ದಿನ ಡ್ರಿಪ್ಪಿನಲ್ಲಿ ಸ್ಟೀರಾಯ್ಡ್ ಕೊಟ್ಟರು. ಆಮೇಲೆ ಮಾತ್ರೆಗಳು. ಮುಖ ದುಂಡಗೆ ಊದಿ ಅವಳ ಗುರುತೇ ಸಿಗದಂತಾಯಿತು. ರೂಮಿನ ಕನ್ನಡಿಯ ಮೇಲೆ ಟವಲ್ ಹೊದಿಸಿದಳು. ಕಿಡ್ನಿಗೆಂದು ಕೊಟ್ಟ ಮಾತ್ರೆ ನುಂಗುವಾಗ ಗರ್ಭಿಣಿಯಾಗಬಾರದು ಎಂದರು ಡಾಕ್ಟರು. ಮದುವೆಯಾಗಿ ನಾಲ್ಕು ವರ್ಷ, ಮಗುವಿಗಾಗಿ ಕಾಯುತ್ತಿದ್ದವರು. ಮಂಜು ತಲೆಯಾಡಿಸಿದ. ಪವಿತ್ರ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮನೆಗೆ ಬಂದ ಮೇಲೆ ಉಪ್ಪು ಕಡಿಮೆ ಹಾಕಿ ಅಡುಗೆ ಮಾಡತೊಡಗಿದೆ. ಅವಳು ಉಂಡು, ತಟ್ಟೆ ಎತ್ತಿಟ್ಟು, ರೂಮಿಗೆ ಹೋಗುವಳು. ನಮ್ಮಿಬ್ಬರ ಮಾತು ಮಾತ್ರೆಯ ಹೊತ್ತಿಗಷ್ಟೇ.

ಚಳಿಗಾಲಕ್ಕೆ ಕಿಡ್ನಿ ಕೊಂಚ ಸುಧಾರಿಸಿತು. ಚರ್ಮದ ಕೆಂಪು, ಕೀಲುನೋವು ಮಾತ್ರ ಹಾಗೇ ಉಳಿದವು. ಇಂಟರ್‌ಫೆರಾನ್‌ನ ಸುದ್ದಿ ಜೀವಕೋಶದೊಳಕ್ಕೆ ಹೋಗದಂತೆ ಬಾಗಿಲಲ್ಲೇ ತಡೆಯುವ ಔಷಧಿ ಇದೆ, ತಿಂಗಳಿಗೊಂದು ಡ್ರಿಪ್ ಎಂದರು. ಶುರು ಮಾಡಿದರು. ಎರಡನೆಯ ಡ್ರಿಪ್ ಆದ ಹತ್ತು ದಿನಕ್ಕೆ ಅವಳ ಬೆನ್ನಿನಿಂದ ಎದೆಯ ಕೆಳಗಿನವರೆಗೆ, ಎಡಪಕ್ಕದಲ್ಲಿ ಗುಳ್ಳೆಗಳ ಪಟ್ಟಿ ಎದ್ದಿತು.

ಸರ್ಪಸುತ್ತು.

"ವೈರಸ್ ತಡೆಯೋದೂ ಅದೇ ಇಂಟರ್‌ಫೆರಾನ್ ಅಲ್ವಾ ಅಮ್ಮ," ಎಂದರು ಡಾಕ್ಟರು. "ಅದಕ್ಕೆ ಅಡ್ಡ ಹಾಕಿದ್ರೆ ಒಳಗೆ ಮಲಗಿದ್ದ ವೈರಸ್ ಕೆಲವರಿಗೆ ಏಳತ್ತೆ."

ಬಟ್ಟೆ ತಾಗಿದರೂ ಚೀರುತ್ತಿದ್ದಳು. ಮಂಜು ಡ್ಯೂಟಿಗೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ಮೊದಲ ದಿನ ಬೆನ್ನು ತೋರಿಸಲು ಒಪ್ಪಲಿಲ್ಲ. ಎರಡನೆಯ ದಿನ ನೋವು ತಡೆಯಲಾಗದೆ ತಾನೇ ಬಲ ಮಗ್ಗುಲಿಗೆ ಮಲಗಿ, "ನಿಧಾನಕ್ಕೆ ಅತ್ತೆ" ಎಂದಳು. ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಕಂಡೆ, ಬೆನ್ನಿನ ಮೂಳೆಗಳನ್ನು ಎಣಿಸಬಹುದಿತ್ತು. ಮುಖ ಊದಿದ್ದರೂ ಮೈ ಅಷ್ಟು ಸೊರಗಿತ್ತು. ಒಂದೇ ಮನೆಯಲ್ಲಿದ್ದೂ ನಾನು ನೋಡಿರಲಿಲ್ಲ.

ಗುಳ್ಳೆ ಒಣಗಿದ ಮೇಲೆ ಡ್ರಿಪ್ ಮತ್ತೆ ಶುರುವಾಯಿತು. ಈಗ ಐದಾಗಿದೆ. ಕೆನ್ನೆಯ ಕೆಂಪು ಮಾಸಿದೆ, ಬೆರಳು ಮಡಚುತ್ತವೆ. ಇದು ವಾಸಿಯಾಗುವ ಕಾಯಿಲೆಯಲ್ಲ, ಹತೋಟಿಯಲ್ಲಿಡುವ ಕಾಯಿಲೆ. ಕಿಡ್ನಿ ಮುಂದೆ ಏನಾಗುತ್ತದೋ ಯಾರೂ ಮಾತು ಕೊಟ್ಟಿಲ್ಲ.

ಹೋದ ವಾರ ಡ್ರಿಪ್ಪಿಗೆ ನಾನೇ ಜೊತೆಗೆ ಹೋಗಿದ್ದೆ. ಪಕ್ಕದಲ್ಲಿ ಕೂತು, ಎಷ್ಟೋ ತಿಂಗಳಿಂದ ಗಂಟಲಲ್ಲಿದ್ದುದನ್ನು ಹೇಳಿದೆ. "ಅವತ್ತು ನಿನ್ನ ಸೋಮಾರಿ ಅಂದೆ. ತಪ್ಪಾಯ್ತು ಕಣಮ್ಮ. ಮರೆತ್ಬಿಡು."

ಅವಳು ಬಾಟಲಿಯನ್ನೇ ನೋಡುತ್ತಿದ್ದಳು.

"ಮರೆಯೋಕಾಗಲ್ಲ ಅತ್ತೆ. ಸುಳ್ಳು ಯಾಕೆ ಹೇಳಲಿ." ಆಮೇಲೆ ಅಂದಳು, "ಮುಂದಿನ ತಿಂಗಳೂ ನೀವೇ ಬನ್ನಿ. ಅವ್ರಿಗೆ ರಜೆ ಸಿಗಲ್ಲ."

"ಬರ್ತೀನಿ," ಎಂದೆ.

ಸಿಸ್ಟರ್ ಬಂದು ಸೂಜಿ ತೆಗೆದರು. ರಕ್ತ ಬರದಂತೆ ಹತ್ತಿಯನ್ನು ನಾನು ಒತ್ತಿ ಹಿಡಿದೆ. ಪವಿತ್ರ ಕೈ ಎಳೆದುಕೊಳ್ಳಲಿಲ್ಲ.