ನಾನು ತೂಗಿ ಬಿಟ್ಟುಬಂದ ಮೀನು

ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಮುಂಬಯಿಯ ಪಶ್ಚಿಮ ಉಪನಗರದ ಒಂದು ಮೀನುಗಾರಿಕಾ ಸಂಶೋಧನಾ ಕಚೇರಿಯಲ್ಲಿ ನಾನು ಮೀನಿನ ಜಾತಿ ಗುರುತಿಸುವ ವಿಭಾಗದ ತಾಂತ್ರಿಕ ಅಧಿಕಾರಿಯಾಗಿದ್ದೆ. ಹೊನ್ನಾವರದ ಕಡೆಯವಳಾದ್ದರಿಂದ ಮೀನು ನನಗೆ ಪುಸ್ತಕಕ್ಕಿಂತ ಮೊದಲು ತಟ್ಟೆಯಲ್ಲಿ ಪರಿಚಯವಾಗಿತ್ತು. ಕೆಲಸವೂ ಕೇಳುವುದಕ್ಕೆ ಸರಳವೇ. ಪ್ರತಿ ಗುರುವಾರ ಬೆಳಿಗ್ಗೆ ನಗರದ ಉತ್ತರ ತುದಿಯಾಚೆಯ ಒಂದು ಜೆಟ್ಟಿಗೆ ಹೋಗಬೇಕು. ಟ್ರಾಲರ್ ದೋಣಿಗಳು ತಳದ ತನಕ ಬಲೆ ಎಳೆದು ತಂದದ್ದರಲ್ಲಿ ಮಾರಾಟಕ್ಕೆ ಹೋಗುವುದೆಷ್ಟು, ಹೋಗದ್ದೆಷ್ಟು ಎಂದು ವಿಂಗಡಿಸಿ, ತೂಗಿ, ಜಾತಿ ಬರೆದುಕೊಂಡು ಬರಬೇಕು. ಮಾರಾಟಕ್ಕೆ ಹೋಗದ್ದನ್ನು ನಮ್ಮ ಫಾರ್ಮಿನಲ್ಲಿ ‘ಡಿಸ್ಕಾರ್ಡ್’ ಎಂಬ ಕಾಲಮಿನಲ್ಲಿ ತುಂಬುತ್ತಿದ್ದೆವು. ಅದು ಜೆಟ್ಟಿಯ ಒಂದು ಮೂಲೆಯಲ್ಲಿ ರಾಶಿ ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಟೆಂಪೊ ಬಂದು ಕೋಳಿ ಆಹಾರ ಮಾಡುವವರಿಗಾಗಿ ಒಯ್ಯುತ್ತಿತ್ತು.

ಆ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದಾಗ ಆ ರಾಶಿಯಲ್ಲಿ ಪಫರ್ ಮೀನು ತುಂಬ ಕಾಣತೊಡಗಿತ್ತು. ಮರಾಠಿಯಲ್ಲಿ ಅದನ್ನು ಕೇಂಡ್ ಅನ್ನುತ್ತಾರೆ. ಬಲೆಯನ್ನೇ ಕಚ್ಚಿ ಹರಿಯುವುದರಿಂದ ಮೀನುಗಾರರಿಗೆ ಅದರ ಮೇಲೆ ಬಹಳ ಸಿಟ್ಟು. ತಿನ್ನುವಂತೆಯೂ ಇಲ್ಲ, ಅದರಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿದೆ. ಎಷ್ಟು ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ. ನರಗಳ ಸಂದೇಶವನ್ನೇ ತಡೆದುಬಿಡುತ್ತದೆ. ಮೊದಲು ತುಟಿ, ನಾಲಿಗೆ ಜುಮ್ಮೆನ್ನುತ್ತವೆ, ಆಮೇಲೆ ಕೈಕಾಲು ಸೋಲುತ್ತವೆ, ಕೊನೆಗೆ ಉಸಿರೆಳೆಯುವ ಸ್ನಾಯುಗಳು ನಿಲ್ಲುತ್ತವೆ. ಇದಕ್ಕೆ ಮದ್ದಿಲ್ಲ. ವಿಷ ಇಳಿಯುವ ತನಕ ಯಂತ್ರದಿಂದ ಉಸಿರಾಡಿಸಿದರೆ ಮನುಷ್ಯ ಉಳಿಯುತ್ತಾನೆ, ಅಷ್ಟೇ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಪಫರ್ ಹೆಚ್ಚುತ್ತಿರುವ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿಯನ್ನೂ ಬರೆದು ಮೇಲಕ್ಕೆ ಕಳಿಸಿದ್ದೆ.

ಗಣಪತಿ ಹಬ್ಬ ಮುಗಿದ ವಾರ, ಶುಕ್ರವಾರ ಬೆಳಿಗ್ಗೆ ನಮ್ಮ ಮುಖ್ಯಸ್ಥರು ನನ್ನನ್ನು ಕರೆದರು. ದಹಿಸರ್ ಕಡೆಯ ಪೊಲೀಸ್ ಠಾಣೆಯಿಂದ ಫೋನ್ ಬಂದಿತ್ತು. ಕಟ್ಟಡ ಕೆಲಸದ ಒಬ್ಬ ಕೂಲಿ ಹಿಂದಿನ ದಿನ ಊಟ ಮಾಡಿದ ಕೆಲವೇ ಗಂಟೆಗಳಲ್ಲಿ ಸತ್ತಿದ್ದ. ಹೆಂಡತಿಯನ್ನು ಠಾಣೆಯಲ್ಲಿ ಕೂರಿಸಿಕೊಂಡಿದ್ದರು. ಅವಳು ಮೀನು, ಮೀನು ಅನ್ನುತ್ತಿದ್ದಳಂತೆ. ಹಿಂದಿ ಬರದು.

“ನಿಮಗೆ ಮೀನೂ ಗೊತ್ತು, ಕನ್ನಡವೂ ಗೊತ್ತು. ನೀವೇ ಹೋಗಿಬನ್ನಿ” ಎಂದರು ಮುಖ್ಯಸ್ಥರು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಸಭ್ಯ ಮನುಷ್ಯರೇ. ಚಹಾ ತರಿಸಿ ವಿಷಯ ಹೇಳಿದರು. ಸತ್ತವನ ಹೆಸರು ಹಣಮಂತ, ವಿಜಯಪುರ ಜಿಲ್ಲೆಯವನು. ಹೆಂಡತಿ ನಿಂಗವ್ವ. ಎಂಟು ವರ್ಷದ ಮಗಳು ಆಸ್ಪತ್ರೆಯಲ್ಲಿದ್ದಾಳೆ, ಅಪಾಯವಿಲ್ಲ. ಹಣಮಂತನ ಅಣ್ಣ ಮಲ್ಕಪ್ಪ, ಅದೇ ಸೈಟಿನ ಮೇಸ್ತ್ರಿ, ದೂರು ಕೊಟ್ಟಿದ್ದ. ಗಂಡ ಹೆಂಡಿರಿಗೆ ವಾರದ ಹಿಂದೆ ಜಗಳವಾಗಿತ್ತು. ಶೆಡ್ಡಿನಲ್ಲಿ ಇಲಿ ಪಾಷಾಣದ ಪೊಟ್ಟಣ ಸಿಕ್ಕಿತ್ತು. ಇಲಿಗಳಿಲ್ಲದ ಶೆಡ್ಡು ಈ ನಗರದಲ್ಲಿ ಎಲ್ಲಿದೆ ಎಂದು ಕೇಳಬೇಕೆನ್ನಿಸಿತು.

ನಿಂಗವ್ವ ಒಳಗಿನ ಕೋಣೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮೂವತ್ತರ ಆಚೀಚೆ ವಯಸ್ಸು. ಮಲ್ಕಪ್ಪ ಬಾಗಿಲಲ್ಲೇ ನಿಂತಿದ್ದ. ನಾನು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಅವಳು ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು.

“ನಿಮ್ಮನ್ನ ನೋಡೀನ್ರಿ ಅಕ್ಕಾರ” ಎಂದಳು. “ಜೆಟ್ಟಿ ಮ್ಯಾಲ ಮೀನ ತೂಗಿ ಬರಕೊಂತೀರಲ್ರಿ, ನೀವ ಅಲ್ರಿ?”

ಹೌದು ಎಂದೆ. ನಿನ್ನೆ ಏನು ಮಾಡಿದೆ, ಮೊದಲಿನಿಂದ ಹೇಳು ಎಂದೆ.

ಅವಳು ಹೇಳಿದ್ದು ಇಷ್ಟು. ಹಣಮಂತನಿಗೆ ಹತ್ತು ದಿನ ಜ್ವರ ಬಂದು ಆಗಷ್ಟೇ ಬಿಟ್ಟಿತ್ತು. ಬಾಯಿ ಕೆಟ್ಟು ಏನೂ ಸೇರುತ್ತಿರಲಿಲ್ಲ. ಕೃಷ್ಣಾ ದಂಡೆಯ ಊರಿನವರು. ಹೊಳೆಯ ಮೀನೆಂದರೆ ಅವನಿಗೆ ಪ್ರಾಣ. ಗುರುವಾರ ಅವಳು ಕೆಲಸ ಬಿಟ್ಟು, ಬಸ್ಸು ಹಿಡಿದು ಜೆಟ್ಟಿಗೆ ಹೋದಳು. ಸೈಟಿನ ಹೆಂಗಸರು ಆಗಾಗ ಹಾಗೆ ಹೋಗಿ ಮೂಲೆಯ ರಾಶಿಯಿಂದ ಸಣ್ಣಪುಟ್ಟ ಮೀನು ಆರಿಸಿ ತರುತ್ತಿದ್ದರು. ಆ ದಿನ ರಾಶಿಯ ಮೇಲೆಯೇ ಮೊಳದುದ್ದದ ಎರಡು ಮೀನುಗಳು ಸಿಕ್ಕವು. ಬೆನ್ನು ಹಸಿರು, ಹೊಟ್ಟೆ ಬೆಳ್ಳಗೆ.

“ಯಾರೂ ಬೇಡ ಅನ್ನಲಿಲ್ಲವಾ?” ಎಂದು ಕೇಳಿದೆ.

“ಮೀನ ಮಾರೋಕಿ ಒಬ್ಬಾಕಿ ‘ನಕೋ, ನಕೋ, ಟಾಕ್ ತೇ’ ಅಂತ ಒದರಿದಳ್ರಿ. ದಿನಾ ಹಂಗ ಒದರ್ತಾರ್ರಿ ಅವ್ರು, ನಾವು ರಾಶಿ ಹತ್ರ ಹೋದ್ರ ಸಾಕು. ನಿನ್ನೀನೂ ಹಂಗ ಅಂದ್ಕೊಂಡು ಉಡ್ಯಾಗ ಹಾಕ್ಕೊಂಡು ಬಂದ್ನಿರಿ.” ಬೇಡ, ಎಸೆದುಬಿಡು ಎಂದು ಆ ಮರಾಠಿ ಮಾತಿನ ಅರ್ಥ. ನಿಂಗವ್ವ ಮುಂದುವರಿಸಿದಳು: “ಮತ್ತ ನೀವು ಅದನ್ನ ತೂಗಿ ಬರಕೊಂಡ್ರಿ, ನಾ ನಿಂತ ನೋಡೀನಿ. ಸರಕಾರದೋರು ತೂಗಿ ಬರಕೊಂಡ ಮೀನ, ಛಲೋದ ಇರ್ತೈತಿ ಅಂತ ತಿಳ್ಕೊಂಡೆ.”

ನಾನು ಕೈಯಲ್ಲಿದ್ದ ಪುಸ್ತಕದಲ್ಲಿ ಏನೋ ಬರೆಯುವವಳಂತೆ ತಲೆ ತಗ್ಗಿಸಿದೆ. ಹಿಂದಿನ ದಿನ ಜೆಟ್ಟಿಯ ಮೇಲೆ ಎಂಟೋ ಹತ್ತೋ ಪಫರ್ ತೂಗಿದ್ದು, ತಕ್ಕಡಿಯಿಂದ ಹಿಡಿದೆತ್ತಿ ವಾಪಸ್ ರಾಶಿಗೆ ಎಸೆದದ್ದು ನೆನಪಿತ್ತು. ರಾಶಿಯ ಸುತ್ತ ಸೆರಗು ಕಟ್ಟಿಕೊಂಡು ಬಗ್ಗಿದ್ದ ಹೆಂಗಸರೂ ನೆನಪಿದ್ದರು. ವರ್ಷಗಟ್ಟಲೆ ಅವರನ್ನು ನೋಡಿದ್ದೆ. ಏನು ಆರಿಸುತ್ತೀರಿ ಎಂದು ಒಂದು ದಿನವೂ ಕೇಳಿರಲಿಲ್ಲ. ನನ್ನ ಫಾರ್ಮಿನಲ್ಲಿ ಆ ಮೀನಿನ ಪ್ರಯಾಣ ಅಲ್ಲಿಗೆ ಮುಗಿಯುತ್ತಿತ್ತು.

ಮಧ್ಯಾಹ್ನ ಊಟವಾದ ಅರ್ಧ ಗಂಟೆಗೆ ಹಣಮಂತ ತುಟಿ ಜುಮ್ ಅನ್ನುತ್ತದೆ ಎಂದನಂತೆ. ಆಮೇಲೆ ವಾಂತಿ. ನಾಲ್ಕರ ಹೊತ್ತಿಗೆ ಎದ್ದು ನಿಲ್ಲಲಾಗಲಿಲ್ಲ. ರಿಕ್ಷಾದಲ್ಲಿ ಒಂದು ಆಸ್ಪತ್ರೆಗೆ ಒಯ್ದರು, ಅಲ್ಲಿ ವೆಂಟಿಲೇಟರ್ ಖಾಲಿ ಇಲ್ಲವೆಂದು ಇನ್ನೊಂದಕ್ಕೆ ಕಳಿಸಿದರು. ದಾರಿಯಲ್ಲೇ ಉಸಿರು ನಿಂತಿತು.

“ಕಣ್ಣ ಬಿಟ್ಕೊಂಡ ಇದ್ದನ್ರಿ, ಅಕ್ಕಾರ. ಮಾತ ಮಾತ್ರ ಬರಲಿಲ್ಲ. ನನ್ನ ಮಾತ ಅವಗ ಕೇಳಸ್ತಿತ್ತೇನ್ರಿ?”

ಕೇಳಿಸಿರುತ್ತದೆ. ಈ ವಿಷದಲ್ಲಿ ಪ್ರಜ್ಞೆ ಕೊನೆಯವರೆಗೂ ಇರುತ್ತದೆ. ಅದನ್ನು ಮಾತ್ರ ನಾನು ಹೇಳಲಿಲ್ಲ.

ಒಬ್ಬ ಕಾನ್‌ಸ್ಟೇಬಲ್ ಜೊತೆ ಸೈಟಿಗೆ ಹೋದೆ. ತಗಡಿನ ಶೆಡ್ಡುಗಳ ಹಿಂದೆ ಕಸ ಸುರಿಯುವ ಗುಂಡಿಯಿತ್ತು. ಕೋಲಿನಿಂದ ಕೆದಕುತ್ತ ಹೋದಾಗ ತೆಂಗಿನ ಚಿಪ್ಪು, ಸಿಮೆಂಟ್ ಚೀಲ, ಈರುಳ್ಳಿ ಸಿಪ್ಪೆಗಳ ನಡುವೆ ಒಂದು ತಲೆ ಸಿಕ್ಕಿತು, ಬೆಕ್ಕುಗಳೂ ಮುಟ್ಟಿರಲಿಲ್ಲ. ಬಾಯಿ ಅಗಲಿಸಿ ನೋಡಿದೆ. ಮೇಲೆ ಎರಡು, ಕೆಳಗೆ ಎರಡು, ಗಿಳಿಯ ಕೊಕ್ಕಿನಂತೆ ಕೂಡಿಕೊಂಡ ನಾಲ್ಕೇ ಹಲ್ಲು. ಆ ನಾಲ್ಕು ಹಲ್ಲಿನಿಂದಲೇ ಈ ಕುಲಕ್ಕೂ ಅದರ ವಿಷಕ್ಕೂ ಹೆಸರು ಬಂದದ್ದು, ಗ್ರೀಕಿನಲ್ಲಿ ‘ಟೆಟ್ರ’ ಎಂದರೆ ನಾಲ್ಕು. ಸಂಶಯಕ್ಕೆ ಎಡೆಯೇ ಇರಲಿಲ್ಲ. ತಲೆಯನ್ನು ಸ್ಪಿರಿಟ್ ತುಂಬಿದ ಬಾಟಲಿಗೆ ಹಾಕಿ ಸೀಲು ಮಾಡಿಸಿದೆ. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು. ಒಬ್ಬ ನಿರಪರಾಧಿ ಹೆಂಗಸನ್ನು ನನ್ನ ವಿದ್ಯೆ ಉಳಿಸುತ್ತದೆ ಎಂಬ ಹೆಮ್ಮೆಯಲ್ಲೇ ಜೀಪು ಹತ್ತಿದೆ.

ಠಾಣೆಗೆ ಮರಳಿ ಇನ್ಸ್‌ಪೆಕ್ಟರರಿಗೆ ಎಲ್ಲ ವಿವರಿಸಿದೆ. ಆಸ್ಪತ್ರೆಯ ವೈದ್ಯರೂ ಫೋನಿನಲ್ಲಿ ಲಕ್ಷಣಗಳು ಹೊಂದುತ್ತವೆ ಎಂದರು. ಇನ್ಸ್‌ಪೆಕ್ಟರ್ ಎಲ್ಲವನ್ನೂ ಬರೆದುಕೊಂಡು, ಪೆನ್ನು ಕೆಳಗಿಟ್ಟು ಕೇಳಿದರು: “ಮೇಡಮ್, ಒಂದು ವಿಷಯ ಹೇಳಿ. ಒಂದೇ ಪಾತ್ರೆಯಿಂದ ಮೂವರೂ ಉಂಡಿದ್ದಾರೆ. ಅವನೊಬ್ಬನೇ ಯಾಕೆ ಸತ್ತ?”

ಸರಿಯಾದ ಪ್ರಶ್ನೆ. ನಾನು ನಿಂಗವ್ವನ ಕಡೆ ತಿರುಗಿ, ಮೀನಿನ ಹೊಟ್ಟೆಯಲ್ಲಿ ತತ್ತಿ ಇತ್ತಾ ಎಂದು ಕೇಳಿದೆ.

“ಇತ್ತರಿ. ಇಷ್ಟ ದಪ್ಪ, ಎರಡ ಗಡ್ಡಿ” ಎಂದು ಅಂಗೈ ತೋರಿಸಿದಳು. “ಬ್ಯಾರೇನ ಹುರದೆ. ಮಗಳು ನನಗ ಬೇಕಂತ ಅತ್ತಳ್ರಿ. ಅಪ್ಪಗ ಶಕ್ತಿ ಬರಬೇಕು, ನೀ ಸುಮ್ನಿರು ಅಂತ ಬೈದು ಎಲ್ಲಾ ಅವಗ ಬಡಿಸಿದೆ. ನಾವಿಬ್ರೂ ಒಂದೊಂದ ತುಂಡ ಮೀನ, ಸಾರು ಉಂಡ್ವಿ.”

ಮೊಟ್ಟೆ ತುಂಬಿದ ಹೆಣ್ಣು ಪಫರ್‌ನಲ್ಲಿ ವಿಷ ಹೆಚ್ಚಾಗಿ ಶೇಖರವಾಗುವುದು ತತ್ತಿಯಲ್ಲಿ ಮತ್ತು ಪಿತ್ತಜನಕಾಂಗದಲ್ಲಿ, ಮಾಂಸದಲ್ಲಿ ಕಡಿಮೆ. ಇದನ್ನು ಇನ್ಸ್‌ಪೆಕ್ಟರರಿಗೆ ಹಿಂದಿಯಲ್ಲಿ ಹೇಳಿದೆ. ಅವರು ಒಪ್ಪಿದಂತೆ ತಲೆಯಾಡಿಸಿದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಂಗವ್ವ ನನ್ನ ಸೆರಗು ಹಿಡಿದು, “ಏನಂದ್ರಿ ಅಕ್ಕಾರ? ವಿಷ ಯಾವುದ್ರಾಗಿತ್ತು?” ಎಂದು ಕೇಳಿದಳು. ಸುಮಾರು ಮೂವತ್ತು ವರ್ಷ ಯಾರು ಏನು ಕೇಳಿದರೂ ಖಚಿತವಾದ ಉತ್ತರ ಕೊಟ್ಟು ಅಭ್ಯಾಸವಾಗಿದ್ದವಳು ನಾನು.

“ತತ್ತಿಯಲ್ಲಿತ್ತು” ಎಂದೆ.

ಅವಳ ಕೈ ನನ್ನ ಸೆರಗನ್ನು ಬಿಟ್ಟಿತು. ಅಳಲಿಲ್ಲ. ತನ್ನ ಅಂಗೈಯನ್ನೇ ನೋಡುತ್ತ ಕೂತಳು. ಬಾಗಿಲಲ್ಲಿದ್ದ ಮಲ್ಕಪ್ಪನಿಗೆ ನನ್ನ ಕನ್ನಡ ಅರ್ಥವಾಗಿತ್ತು.

“ಕೇಳಿದ್ರೇನ್ರಿ ಸಾಹೇಬ್ರ?” ಎಂದು ಕನ್ನಡದಲ್ಲೇ ಕೂಗಿದ. “ವಿಷ ಇದ್ದಿದ್ದನ್ನ ನನ್ನ ತಮ್ಮನೊಬ್ಬಗ ಬಡಿಸ್ಯಾಳ. ಮಗಳು ಕೇಳಿದ್ರೂ ಕೊಟ್ಟಿಲ್ಲ. ತಾನೂ ತಿಂದಿಲ್ಲ. ಯಾಕ? ಮೇಡಮ್ನೋರ ಬಾಯಲೇ ಬಂತಲ್ರಿ!”

ನಾನು ಎದ್ದು ನಿಂತು ಅವನಿಗೆ ತಿಳಿಹೇಳಲು ನೋಡಿದೆ. ಹೊಳೆ ಮೀನಿನ ತತ್ತಿ ತಿಂದು ಬೆಳೆದವರಿಗೆ ಈ ವಿಷ ಹೇಗೆ ಗೊತ್ತಿರುತ್ತದೆ, ಮನೆಯಲ್ಲಿ ಒಳ್ಳೆಯ ತುಣುಕನ್ನು ಕಾಯಿಲೆಯವರಿಗೆ ಬಡಿಸುವುದು ಎಲ್ಲ ತಾಯಂದಿರೂ ಮಾಡುವುದಲ್ಲವೇ ಎಂದೆ. ಇನ್ಸ್‌ಪೆಕ್ಟರರಿಗೂ ಹೇಳಿದೆ. ಅವರಿಗೆ ಅರ್ಥವಾಯಿತು. ಸಂಜೆಯೊಳಗೆ ನಿಂಗವ್ವನನ್ನು ಬಿಟ್ಟರು. ಪ್ರಯೋಗಾಲಯದ ವರದಿ ಬರುವ ತನಕ ಪ್ರತಿ ಸೋಮವಾರ ಠಾಣೆಗೆ ಬಂದು ಹೆಬ್ಬೆಟ್ಟು ಒತ್ತಬೇಕೆಂದರು. ಮಲ್ಕಪ್ಪನಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗುವುದು ಅವನಿಗೆ ಬೇಕಿರಲಿಲ್ಲ. ತಮ್ಮನ ಹೆಣವನ್ನು ಅವನು ಆಂಬುಲೆನ್ಸಿನಲ್ಲಿ ಊರಿಗೆ ಒಯ್ದ. ಹೆಂಡತಿಯನ್ನೂ ಮಗಳನ್ನೂ ಹತ್ತಿಸಿಕೊಳ್ಳಲಿಲ್ಲ.

ವರದಿ ಬರಲು ಮೂರು ತಿಂಗಳಾಯಿತು. ಇಲಿ ಪಾಷಾಣದ ಕುರುಹಿಲ್ಲ, ಮೀನಿನ ವಿಷದಿಂದಾದ ಆಕಸ್ಮಿಕ ಸಾವು ಎಂದು ಫೈಲು ಮುಚ್ಚಿತು. ಅಷ್ಟರೊಳಗೆ ಊರಿನಲ್ಲಿ ಬೇರೆ ತೀರ್ಪು ಆಗಿಹೋಗಿತ್ತು. ಮುಂಬಯಿಯ ದೊಡ್ಡ ಮೇಡಮ್ಮೇ ಹೇಳಿದ್ದಾರೆ, ಗಂಡನ ತಟ್ಟೆಯಲ್ಲಿ ಮಾತ್ರ ವಿಷವಿತ್ತು ಎಂದು. ನನ್ನ ಮಾತು ನಿಂಗವ್ವನ ತವರುಮನೆಗೂ ತಲುಪಿತ್ತು. ಅವರೂ ಅವಳನ್ನು ಕರೆಸಿಕೊಳ್ಳಲಿಲ್ಲ.

ಕಚೇರಿಯಲ್ಲಿ ನಾನು ಸುಮ್ಮನೆ ಕೂರಲಿಲ್ಲ. ಎಲ್ಲ ಜೆಟ್ಟಿಗಳಲ್ಲೂ ಎಚ್ಚರಿಕೆಯ ಫಲಕ ಹಾಕಬೇಕು, ಕನ್ನಡ, ತೆಲುಗು, ಭೋಜಪುರಿಯಲ್ಲೂ ಬರೆಯಬೇಕು, ಪಫರ್ ಮೀನನ್ನು ರಾಶಿಗೆ ಎಸೆಯದೆ ಬೇರೆ ಡ್ರಮ್ಮಿನಲ್ಲಿ ಹಾಕಿಸಬೇಕು ಎಂದು ಬರೆದುಕೊಟ್ಟೆ. ಆರು ತಿಂಗಳ ನಂತರ ಫಲಕ ಬಂತು, ಇಂಗ್ಲಿಷ್ ಮತ್ತು ಮರಾಠಿಯಲ್ಲಿ. ಚಿತ್ರ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾರೋ ಇಂಟರ್‌ನೆಟ್ಟಿನಿಂದ ತೆಗೆದ, ಮೈತುಂಬ ಮುಳ್ಳೆದ್ದು ಚೆಂಡಿನಂತೆ ಉಬ್ಬಿದ ಮೀನು. ಆ ಮೀನು ಉಬ್ಬುವುದು ಜೀವಂತವಿದ್ದಾಗ, ಹೆದರಿದಾಗ. ಜೆಟ್ಟಿಯ ಮೇಲೆ ಸತ್ತು ಬಿದ್ದದ್ದು ಎಲ್ಲ ಮೀನಿನಂತೆ ಉದ್ದಕ್ಕೆ, ಬೆಳ್ಳಗೆ, ತಾಜಾ ಆಗಿ ಕಾಣುತ್ತದೆ. ಈ ಚಿತ್ರ ನೋಡಿ ಯಾರೂ ಯಾವುದನ್ನೂ ಗುರುತಿಸಲಾರರು ಎಂದೆ. “ಮುದ್ರಣ ಆಗಿಹೋಗಿದೆ, ಮುಂದಿನ ಬಾರಿ ನೋಡೋಣ” ಎಂದರು ಮುಖ್ಯಸ್ಥರು. ಡ್ರಮ್ಮಿನ ಮಾತು ಯಾರೂ ಎತ್ತಲಿಲ್ಲ.

ನಿಂಗವ್ವನನ್ನು ಕೊನೆಯ ಸಲ ನೋಡಿದ್ದು ಮರುವರ್ಷದ ಬೇಸಿಗೆಯಲ್ಲಿ. ಪ್ರಯೋಗಾಲಯದ ವರದಿಯ ಪ್ರತಿ ತೆಗೆಸಿ, ಅದರ ಸಾರವನ್ನು ಕನ್ನಡದಲ್ಲಿ ನಾನೇ ಬರೆದು, ಊರಿನವರಿಗೆ ತೋರಿಸಲಿ ಎಂದು ಕೊಡಲು ಹೋಗಿದ್ದೆ. ಅವಳಾಗ ಸಾಂತಾಕ್ರೂಜ್‌ನ ಒಂದು ವಸತಿ ಸೊಸೈಟಿಯಲ್ಲಿ ಮೆಟ್ಟಿಲು ಒರೆಸುವ ಕೆಲಸ ಹಿಡಿದಿದ್ದಳು. ನೀರಿನ ಪಂಪಿನ ಪಕ್ಕದ ಸಣ್ಣ ಕೋಣೆಯಲ್ಲಿ ತಾಯಿ ಮಗಳ ವಾಸ. ಮಗಳು ಶಾಲೆಗೆ ಹೋಗಿದ್ದಳು. ನಿಂಗವ್ವ ಕಾಗದವನ್ನು ತೆಗೆದುಕೊಂಡು, ಓದಲು ಬಾರದಿದ್ದರೂ ಎರಡೂ ಬದಿ ತಿರುವಿ ನೋಡಿ, ಟ್ರಂಕಿನಲ್ಲಿಟ್ಟಳು.

“ಮಗಳು ಕೇಳ್ತಾಳ್ರಿ ಅಕ್ಕಾರ” ಎಂದಳು. “ಅಪ್ಪಗ ಯಾವ ತುಣಕಿನ್ಯಾಗ ವಿಷ ಬಂತು ಅಂತ. ನನಗ ಕೊಡು ಅಂತ ತಾನು ಅತ್ತಿದ್ದು ನೆನಪೈತಿ ಆಕಿಗೆ. ಏನ್ ಹೇಳ್ಲಿ?”

ಬಹಳ ಹೊತ್ತು ಯೋಚಿಸಿದೆ. “ಇಡೀ ಮೀನಿನಲ್ಲಿತ್ತು ಅಂತ ಹೇಳು” ಎಂದೆ. “ಅಪ್ಪನಿಗೆ ಜ್ವರ ಬಂದು ಮೈ ಸೋತಿತ್ತು, ತಡೆದುಕೊಳ್ಳಲಿಲ್ಲ, ನಮಗೆ ತಡೆಯಿತು ಅಂತ ಹೇಳು.”

ನಿಂಗವ್ವ ನನ್ನನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಈ ಮಾತು ಅವತ್ತ ಠಾಣೇದಾಗ ನನಗ ಹೇಳಬೌದಿತ್ತಲ್ರಿ, ಅಕ್ಕಾರ.”

ಚಹಾ ಮಾಡುತ್ತೇನೆ ಎಂದು ಸ್ಟೋವಿನ ಕಡೆ ತಿರುಗಿದಳು. ಬೇಡವೆಂದು ಹೇಳಿ ಹೊರಟುಬಂದೆ.

ಇನ್ಸ್‌ಪೆಕ್ಟರರಿಗೆ ಪೂರ್ತಿ ಸತ್ಯ ಬೇಕಿತ್ತು, ಅವರಿಗೆ ಅದನ್ನು ಕೊಟ್ಟದ್ದು ಸರಿ. ಅದನ್ನೇ ಅದೇ ನಿಮಿಷದಲ್ಲಿ, ದೂರು ಕೊಟ್ಟ ಭಾವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ಆಗಷ್ಟೇ ವಿಧವೆಯಾದವಳ ಕೈಗೆ ಇಡಬೇಕಾಗಿರಲಿಲ್ಲ. ಮೀನಿನ ಬಾಯಿ ಬಿಡಿಸಿ ಹಲ್ಲೆಣಿಸುವುದನ್ನು ನನಗೆ ಓದು ಕಲಿಸಿತ್ತು. ಉತ್ತರ ಹೇಳುವ ಮುನ್ನ ಕೇಳುವವರು ಯಾರು, ಕೇಳಿಸಿಕೊಳ್ಳುವವರು ಯಾರು ಎಂದು ನೋಡುವುದನ್ನು ನನ್ನ ಕೆಲಸ ನಿವೃತ್ತಿಯ ಹೊಸ್ತಿಲಲ್ಲಿ ಕಲಿಸಿತು. ಅದರ ಶುಲ್ಕ ನಾನು ಕೊಟ್ಟದ್ದಲ್ಲ, ನಿಂಗವ್ವ ಕೊಟ್ಟಳು.